ಸದ್ದು ಮಾಡದೆ ಬಾರೋ

ಮೊಮ್ಮಗಳನ್ನು ಮಲಗಿಸುವ ಮುನ್ನ ಗುಬ್ಬಿ ಕಿಟಕಿ ಮುಚ್ಚುತ್ತಾಳೆ. ಚಳಿಯಿರಲಿ, ಸೆಕೆಯಿರಲಿ, ಮುಚ್ಚಲೇಬೇಕು. ಆಮೇಲೆ ಉಸಿರಿಗಿಂತ ತುಸುವೇ ಜೋರಾಗಿ ಅಮ್ಮನ ಹಾಡು: ‘ಸದ್ದು ಮಾಡದೆ ಬಾರೋ, ಬಾಗಿಲು ಕಿರ್ರೆಂದೀತು...’

ಗುಬ್ಬಿ ಅನ್ನುವುದು ಅಮ್ಮ ಇಟ್ಟ ಮುದ್ದಿನ ಹೆಸರು. ಈಗವಳೇ ಅಜ್ಜಿ. ಲಾಂಡ್ರಿಯಲ್ಲಿ ಬೆಳಗಿನ ಪಾಳಿ ಮುಗಿಸಿ ಬಂದು, ಮಗಳು ಕೆಲಸದಿಂದ ಮರಳುವವರೆಗೆ ಕೂಸನ್ನು ನೋಡಿಕೊಳ್ಳುತ್ತಾಳೆ. ಯುದ್ಧದ ಕಾಲದಲ್ಲಿ ಅವಳದಿನ್ನೂ ತೊದಲು ಮಾತು. ಅಡಗಿ ಕೂತಿದ್ದ ನೆಲಮಾಳಿಗೆಯಲ್ಲಿ ಅಮ್ಮ ಕಿವಿಗೆ ತುಟಿ ಹಚ್ಚಿ ಈ ಹಾಡು ಹಾಡುತ್ತಿದ್ದಳು. ತಲೆಯ ಮೇಲೆ ಸೈನಿಕರ ಬೂಟುಗಳು ಓಡಾಡುತ್ತಿದ್ದವು. ಬಾರೋ ಎಂದು ಅಮ್ಮ ಕರೆಯುತ್ತಿದ್ದುದು ಅಪ್ಪನನ್ನೇ ಎಂದು ಗುಬ್ಬಿ ನಂಬಿದ್ದಳು. ಅಪ್ಪ ಬರಲಿಲ್ಲ. ಈ ದೇಶಕ್ಕೆ ಬರುವಾಗ ಅಮ್ಮ ತಂದದ್ದು ಮಗಳನ್ನು ಮತ್ತು ಆ ಹಾಡನ್ನು. ಅಮ್ಮನೂ ಹೋದಮೇಲೆ ಗುಬ್ಬಿಗೆ ಉಳಿದದ್ದು ಹಾಡೊಂದೇ.

ಯುದ್ಧದಲ್ಲಿ ಬೇರೆ ದಿಕ್ಕಿಗೆ ಚದುರಿ, ಬೇರೆಲ್ಲೋ ಮುದುಕಿಯಾಗಿ, ಈಗ ಅಕ್ಕನ ಮಗಳನ್ನು ಹುಡುಕಿಕೊಂಡು ಬಂದ ಚಿಕ್ಕಮ್ಮ ಒಂದು ಮಧ್ಯಾಹ್ನ ಮಂಚದ ತುದಿಯಲ್ಲಿ ಕೂತು ಕೂಸಿನ ಬಟ್ಟೆ ಮಡಚುತ್ತಿದ್ದಳು. ಹಾಡು ಕಿವಿಗೆ ಬಿದ್ದದ್ದೇ ತಡ, ಕೈ ನಿಂತಿತು. ಮರುಕ್ಷಣ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

ಗುಬ್ಬಿಗೆ ಮೈಯೆಲ್ಲ ಉರಿದುಹೋಯಿತು. “ಇದರಲ್ಲಿ ನಗೋದೇನಿದೆ ಚಿಕ್ಕಮ್ಮ?”

“ಇದು ಜೋಗುಳ ಅಂತ ಯಾರೇ ಹೇಳಿದ್ದು ನಿಂಗೆ?”

“ಅಮ್ಮ.”

“ನಿಮ್ಮಮ್ಮನಾ! ಹೊಸ ಅಳಿಯನ್ನ ಗೋಳು ಹೊಯ್ಕೊಳ್ಳೋ ಹಾಡು ಕಣೇ ಇದು. ತಟ್ಟೆ ಬಡ್ಕೊಂಡು ಬೀದಿಗೆಲ್ಲ ಕೇಳೋ ಹಾಗೆ ಹಾಡ್ತಿದ್ದವಳೇ ಅವಳು. ತನ್ನ ಗಂಡನ್ನೂ ಬಿಡಲಿಲ್ಲ. ಹೊಸ ಮದುಮಗಳು, ತೆಪ್ಪಗೆ ಒಳಗೆ ಕೂರೋದು ಬಿಟ್ಟು ನಮ್ಮ ಜೊತೆ ನಿಂತು ಬಡಿದ್ಲು!”

ಅಡುಗೆಮನೆಯಿಂದ ತಟ್ಟೆ, ಚಮಚ ತಂದು ಚಿಕ್ಕಮ್ಮ ಶುರುಹಚ್ಚಿಕೊಂಡಳು: “ಸದ್ದು ಮಾಡದೆ ಬಾರೋ, ಬಾಗಿಲು ಕಿರ್ರೆಂದೀತು, ಅತ್ತೆ ಎದ್ದರೆ ನಿನ್ನ ಮೀಸೆ ಕಿತ್ತಾಳು!”

“ಮೀಸೆ ಗೀಸೆ ಇಲ್ಲ ಅದರಲ್ಲಿ,” ಎಂದಳು ಗುಬ್ಬಿ. ಇದ್ದೊಂದು ಗಂಟನ್ನೂ ಯಾರೋ ಕಿತ್ತುಕೊಳ್ಳುತ್ತಿರುವಂತೆ ಕೂಸಿನ ಹೊದಿಕೆಯನ್ನು ಬಿಗಿಯಾಗಿ ಹಿಡಿದುಕೊಂಡಳು. “ಅಮ್ಮ ಯಾವತ್ತೂ ಹಾಗೆ ಹಾಡಿಲ್ಲ.”

ಚಿಕ್ಕಮ್ಮ ಚಮಚ ಕೆಳಗಿಟ್ಟಳು. “ಹೇಗೆ ಹಾಡ್ತಾಳೆ? ಆ ಸಾಲು ಕೇಳಿದ್ರೆ ಮಕ್ಕಳು ಕಿಲಕಿಲ ಅಂತಾವೆ. ನೀ ಹೇಳಿದ್ಯಲ್ಲ, ಆ ನೆಲಮಾಳಿಗೇಲಿ ನಗೋ ಹಾಗಿತ್ತೇನೇ?”

ಬಾಗಿಲಿನ ಸಾಲು ಮುಗಿದೊಡನೆ ತನ್ನ ಕಿವಿಯ ಹತ್ತಿರ ಅಮ್ಮ ಪ್ರತಿಸಲವೂ ಒಂದು ಗುಟುಕು ಉಸಿರು ನುಂಗುತ್ತಿದ್ದುದು ಗುಬ್ಬಿಗೆ ನೆನಪಾಯಿತು. ಇಷ್ಟು ದಿನ ಅದನ್ನು ಅಳು ಅಂದುಕೊಂಡಿದ್ದಳು.

“ಅಪ್ಪಂಗೆ ಮೀಸೆ ಇತ್ತಾ?” ಎಂದಳು.

“ಮತ್ತೆ! ಭಾವ ಕಿವಿಯೆಲ್ಲ ಕೆಂಪಗೆ ಮಾಡ್ಕೊಂಡು ಹೊಸ್ತಿಲಲ್ಲೇ ನಿಂತ್ಬಿಟ್ರು. ಎರಡೂ ಕೈಲಿ ಮೀಸೆ ಮುಚ್ಕೊಂಡು!”

ನೆನಪಿನಲ್ಲಿ ಮುಖವೇ ಇಲ್ಲದ ಅಪ್ಪನಿಗೆ ಕೆಂಪು ಕಿವಿಗಳು ಬಂದವು. ಅವನೆದುರು ತಟ್ಟೆ ಹಿಡಿದ ಹುಡುಗಿ ಅಮ್ಮ.

ಕೂಸು ಎದ್ದು ಪಿಳಿಪಿಳಿ ನೋಡುತ್ತಿತ್ತು. ಚಿಕ್ಕಮ್ಮ ತಟ್ಟೆಯನ್ನು ಗುಬ್ಬಿಯ ಮಡಿಲಿಗೆ ಹಾಕಿದಳು. “ಗಂಟಲು ಬಿಟ್ಟು ಹಾಡೇ.”

ಒಡಕು ದನಿಯಲ್ಲಿ ಶುರುವಾದ ಹಾಡು ಮೀಸೆಗೆ ಬರುವಷ್ಟರಲ್ಲಿ ಜೋರಾಯಿತು. ಕೂಸು ಕೇಕೆ ಹಾಕಿತು. ಅಷ್ಟರಲ್ಲಿ ಕೆಳಗಿನ ಮಹಡಿಯವರು ಕೋಲಿನಿಂದ ತಮ್ಮ ಛಾವಣಿಗೆ ದಬದಬ ಬಡಿದರು. ಗುಬ್ಬಿಯ ಕೈ ತಾನಾಗಿ ಕೂಸಿನ ಬಾಯಿಯತ್ತ ಹೋಯಿತು.

“ತಾಳ ಹಾಕ್ತಿದಾರೆ ಕಣೇ,” ಎಂದಳು ಚಿಕ್ಕಮ್ಮ.

ಗುಬ್ಬಿ ಕೈ ಹಿಂದೆಗೆದುಕೊಂಡು, ಚಮಚ ಎತ್ತಿಕೊಂಡು, ಮೊದಲಿನಿಂದ ಶುರುಮಾಡಿದಳು.