ಗಿರಿಧರನ ಹೆಸರಿನ ಅಡಿಟಿಪ್ಪಣಿ

ಟಿಬೆಟನ್ ಕ್ರಿಯಾಪದಗಳ ಚರಿತ್ರೆಗೆ ಇಪ್ಪತ್ತೆರಡು ವರ್ಷ ಸವೆಸಿದ್ದ ಪುಷ್ಪಾವತಿಗೆ ಗಿರಿಧರನಂಥವರನ್ನು ಕಂಡರೆ ಮೈ ಉರಿಯುತ್ತಿತ್ತು. ಆತ ಸ್ಯಾನ್ ಡಿಯಾಗೋದ ಟೆಲಿಕಾಂ ಇಂಜಿನಿಯರ್. ಲಾಕ್‌ಡೌನಿನಲ್ಲಿ ಹೊತ್ತು ಹೋಗದೆ ಟಿಬೆಟನ್ ಲಿಪಿ ಕಲಿತು, ಆ ಭಾಷೆಯ ನಿಯಮಕ್ಕೆ ಬಗ್ಗದ ಕ್ರಿಯಾಪದಗಳನ್ನೆಲ್ಲ ‘ಸರಿಪಡಿಸುವ’ ಪ್ರೋಗ್ರಾಂ ಬರೆದಿದ್ದ. ಎರಡು ಒಳ್ಳೆಯ ಮಾತು ಬರೆದುಕೊಡಿ ಎಂದು ಮೂರು ಸಲ ಮೇಲ್ ಮಾಡಿದ್ದ. 2022ರ ಒಂದು ಶನಿವಾರ ಆಕೆ ಟೊರೆನ್ಸ್‌ನ ತನ್ನ ಮನೆಯಿಂದ ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿದ್ದ ಆತನ ಮನೆಗೆ ಡ್ರೈವ್ ಮಾಡಿಕೊಂಡು ಹೋದಳು. ಹೊಗಳಲಿಕ್ಕಲ್ಲ, ಪ್ರೋಗ್ರಾಮೇ ತಪ್ಪೆಂದು ಮುಖದೆದುರೇ ಹೇಳಿ ಬರಲಿಕ್ಕೆ.

“ಸಿಂಪಲ್ ಮೇಡಂ, ರೂಲ್‌ಗೆ ಬರದೇ ಇರೋದೆಲ್ಲ ಹಳೇ ಕಾಲದವ್ರ ಮಿಸ್ಟೇಕು” ಎಂದ ಗಿರಿಧರ, ಕಾಫಿ ಕೊಟ್ಟು.

“ಹೋಗು, ಹೋದ ಅಂತೀರಲ್ಲ. ಹೋಗಿದ ಅಂತ ಯಾಕೆ ಹೇಳುದಿಲ್ಲ?”

“ಅದು ಅಭ್ಯಾಸ ಮೇಡಂ.”

ಅಭ್ಯಾಸವಂತೆ! ಪುಷ್ಪಾವತಿ ಕಾಫಿ ಮುಟ್ಟಲಿಲ್ಲ. ಹರಿದುಹೋಗು ಎನ್ನಲು ‘ರಲ್’, ಹರಿದುಹಾಕು ಎನ್ನಲು ‘ದ್ರಲ್’. ಎರಡನೆಯದರ ಮುಂದೆ ಒಂದಾನೊಂದು ಕಾಲಕ್ಕೆ ಅನುನಾಸಿಕವಿತ್ತು, ಅದು ರಕಾರಕ್ಕೆ ತಗಲಿದಾಗ ಅವೆರಡರ ನಡುವೆ ನಾಲಿಗೆ ತಾನಾಗಿ ದಕಾರ ಹುಟ್ಟಿಸಿತು ಎಂದು ಮಕ್ಕಳಿಗೆ ಹೇಳುವಂತೆ ಹೇಳಿದಳು. ಈತನ ಪ್ರೋಗ್ರಾಂ ಆ ದಕಾರವನ್ನು ಕಸವೆಂದು ಗುಡಿಸಿಹಾಕಿತ್ತು. ಗಿರಿಧರ ತಲೆಯಾಡಿಸುತ್ತಲೇ ಇದ್ದ. ಕೋಣನ ಮುಂದೆ ಕಿನ್ನರಿ, ಅಂದುಕೊಂಡು ಆಕೆ ಎದ್ದಳು.

ಬಾಗಿಲಲ್ಲಿ ಆತ ಮೆಲ್ಲಗೆ, ಕ್ರಿಯಾಪದಗಳ ಮೇಲಿನ ಅವಳ ಪುಸ್ತಕದಲ್ಲೂ ಪ್ರೋಗ್ರಾಂ ಒಂದು ಮಿಸ್ಟೇಕ್ ತೋರಿಸಿತು ಎಂದ. ‘ಪ್ರಶ್ನೆ ಕೇಳಿದ’ ಎಂಬರ್ಥದ ಭೂತಕಾಲದ ರೂಪಕ್ಕೆ ಅವಳು ಮುಂದೊಂದು ಮೂಕಾಕ್ಷರ, ಆ ಹಳೆಯ ಅನುನಾಸಿಕದ ಗುರುತು, ಸೇರಿಸಿದ್ದಳಂತೆ. ಹಾಗೆ ಬರೆದರೆ ಅದು ‘ಪಳಗು’ ಎಂಬ ಬೇರೆಯೇ ಕ್ರಿಯಾಪದ. ಇಂದಿನ ಲಾಸಾದವರ ಬಾಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ, ಬರಹದಲ್ಲಿ ಮಾತ್ರ ಬೇರೆ.

“ನೋಡ್ತೇನೆ” ಎಂದಷ್ಟೇ ಹೇಳಿ ಆಕೆ ಕಾರು ಹತ್ತಿದಳು.

ಮನೆಯಲ್ಲಿ ಹಳೆಯ ಹಸ್ತಪ್ರತಿಗಳ ಚಿತ್ರಗಳನ್ನು ತೆಗೆದು ನೋಡಿದಳು. ಆತ ಹೇಳಿದ್ದು ಸರಿ. ಅನುನಾಸಿಕ ವರ್ತಮಾನಕಾಲದ ರೂಪಕ್ಕೆ ಮಾತ್ರ ಸೇರುತ್ತದೆಂಬ ತನ್ನ ವಾದಕ್ಕೆ, ಭೂತಕಾಲಕ್ಕೂ ಅದನ್ನು ಸೇರಿಸಿ, ಹನ್ನೊಂದು ವರ್ಷದ ಹಿಂದೆ ತಾನೇ ಕಲ್ಲು ಹಾಕಿಕೊಂಡಿದ್ದಳು. ಒಬ್ಬ ವಿದ್ವಾಂಸನೂ ಗಮನಿಸಿರಲಿಲ್ಲ. ಕಂಡುಹಿಡಿಯಲಿಕ್ಕೆ ಈ ಮಹಾಶಯನೇ ಬೇಕಿತ್ತೇ! ನಾಲ್ಕು ದಿನ ಅದೇ ಚಿತ್ರಗಳನ್ನು ಮತ್ತೆ ಮತ್ತೆ ತಿರುವಿಹಾಕಿದಳು. ಐದನೆಯ ದಿನ ಭಾಷಾಶಾಸ್ತ್ರದ ಪತ್ರಿಕೆಯೊಂದಕ್ಕೆ ತಿದ್ದುಪಡಿ ಕಳಿಸಿದಳು. ತೋರಿಸಿಕೊಟ್ಟವರ ಹೆಸರನ್ನು ಅಡಿಟಿಪ್ಪಣಿಯಲ್ಲಿ ಹಾಕಲೇಬೇಕಿತ್ತು. ಹಲ್ಲು ಕಚ್ಚಿ ಹಾಕಿದಳು.

ಅಚ್ಚಾದ ದಿನವೇ ಗಿರಿಧರ ಅದರ ಫೋಟೋವನ್ನು ಕನ್ನಡಿಗರ ವಾಟ್ಸಾಪ್ ಗುಂಪಿಗೆ ಹಾಕಿ, ಮೇಡಂ ನನ್ನ ಪ್ರೋಗ್ರಾಂ ಒಪ್ಪಿಕೊಂಡ್ರು ಎಂದು ಬರೆದ. ಪುಷ್ಪಾವತಿ ಅದನ್ನು ಎರಡು ಸಲ ಓದಿದಳು. ಮೂರ್ಖ, ಅಂದುಕೊಂಡಳು. ಆಮೇಲೆ ಪುಸ್ತಕದ ಉಳಿದ ಕೋಷ್ಟಕಗಳನ್ನು ಮೊದಲಿನಿಂದ ಪರೀಕ್ಷಿಸಲು ಕುಳಿತಳು.