ತಿರುಗಿ ನೋಡದ ಓಟ

"ಕಟ್! ಮತ್ತೆ ತಿರುಗಿ ನೋಡಿದೆಯಲ್ಲೇ ಅರಾಬಾ!" ಎಂದು ಎಕೌ ತಲೆ ಚಚ್ಚಿಕೊಂಡ.

ಕಿರುಚಿತ್ರ ಅವನದು, ಕಥೆ ಅವನ ಚಿಕ್ಕಪ್ಪನ ಮಗಳು ಅರಾಬಾಳದು. ಅವಳು ಪ್ರೀತಿಸಿದ ಫೀಫಿ ಕೈಕೊಟ್ಟು ಬೇರೊಬ್ಬಳನ್ನು ಕಟ್ಟಿಕೊಂಡ. ಇವಳು ತಮ್ಮೂರು ಸೆಕೊಂಡಿಯ ವ್ಯಾಯಾಮ ಸಂಘ ಸೇರಿ, ಶನಿವಾರ ಬೆಳಗಾದರೆ ಬ್ಯಾಂಡಿನ ಹಿಂದೆ ಹಾಡುತ್ತ ಓಡಿ ಓಡಿ ಅವನನ್ನು ಮರೆತಳು. ಉಳಿದದ್ದು ಕೊನೆಯ ದೃಶ್ಯ: ಫೀಫಿಯ ಮನೆ ಮುಂದೆ ನಗುನಗುತ್ತ, ತಿರುಗಿಯೂ ನೋಡದೆ ಓಡಿಹೋಗಬೇಕು.

ಅಯ್ಯೋ, ಮರೆತದ್ದೆಲ್ಲಿ ಬಂತು! ಸಂಘದ ದಾರಿ ಆ ಮನೆಯ ಮುಂದೆ ಹಾದುಹೋಗುತ್ತದೆಂದೇ ಅವಳು ಸೇರಿದ್ದು. ವಾರವೆಲ್ಲ ಆ ಒಂದು ಕ್ಷಣಕ್ಕೆ ಕಾಯುವುದು, ಬಾಗಿಲು ಕಂಡರೆ ಎದೆ ಡವಡವ, ಮನೆಗೆ ಬಂದು ದಿಂಬಿಗೆ ಮುಖ ಒತ್ತಿ ಅಳುವುದು. ಹೇಳೋಣವೆಂದರೆ ಯಾರಿಗೆ? ಗಟ್ಟಿಗಿತ್ತಿ ಎಂದು ಊರೇ ಹೊಗಳುತ್ತಿತ್ತು. ಗಂಡ ಬಿಟ್ಟುಹೋದವರು ಅವಳನ್ನು ನೋಡಿಯೇ ಸಂಘ ಸೇರುತ್ತಿದ್ದರು. ಆ ಹೊಗಳಿಕೆ ಬಿಗಿಯಾದ ರವಿಕೆಯ ಹಾಗೆ ಉಸಿರು ಕಟ್ಟಿಸುತ್ತಿತ್ತು.

"ಕತ್ತು ನೆಟ್ಟಗೆ ಇಟ್ಕೊಳ್ಳೇ ತಾಯಿ! ಅವನೇನು ಬಾಗಿಲಲ್ಲಿ ಹುರಿದ ಬಾಳೆಹಣ್ಣು ಹಂಚ್ತಿದ್ದಾನಾ?" ಎಂದು ರೇಗಿಸಿ ಸಂಘದ ನಾಯಕಿ ಎಫುವಾ ಆಂಟಿ ಸೀಟಿ ಊದಿದಳು. ತುತ್ತೂರಿ, ಡೋಲು ಶುರುವಾದವು. ಹಳದಿ ಟೀ ಶರ್ಟಿನವರೆಲ್ಲ ಮತ್ತೆ ಓಡಿದರು.

ಈ ಸಲ ಬಾಗಿಲೇ ತೆರೆಯಿತು. ಫೀಫಿಯ ಹೆಂಡತಿ ಅಡ್ವೊವಾ ಬೋಗುಣಿಯ ತುಂಬ ತಣ್ಣೀರಿನ ಪೊಟ್ಟಣ ಹಿಡಿದು ಬಂದಳು. ನೀರು ಕೊಟ್ಟ ಮನೆಯ ಮುಂದೆ ನಿಂತು, ಕುಡಿದು, ಒಂದು ಹಾಡು ಹಾಡದೆ ಸಂಘ ಮುಂದೆ ಹೋಗುವಂತಿಲ್ಲ. ಕ್ಯಾಮೆರಾ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಹಿಂದೆ ಜನ, ಮುಂದೆ ಡೋಲು, ನಡುವೆ ಅರಾಬಾ. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ.

ಅಡ್ವೊವಾ ನೇರ ಅವಳ ಹತ್ತಿರವೇ ಬಂದಳು. ಅತ್ತು ಅತ್ತು ಕಣ್ಣು ಊದಿಕೊಂಡಿತ್ತು.

"ಅಕ್ಕಾ, ನೀವೇ ಅಲ್ವಾ ಅರಾಬಾ? ಅವರೀಗ ಮನೆಗೇ ಬರ್ತಿಲ್ಲ. ತಕೊರಾಡಿಯಲ್ಲಿ ಇನ್ನೊಬ್ಬಳು ಇದ್ದಾಳಂತೆ. ನನ್ನನ್ನೂ ಸಂಘಕ್ಕೆ ಸೇರಿಸ್ಕೊಳ್ಳಿ. ಓಡಿದ್ರೆ ಮರೆತುಹೋಗತ್ತೆ, ಅಲ್ವಾ?"

"ಹೂಂ ಅನ್ನೇ, ಹೂಂ ಅನ್ನು!" ಎಂದು ಕ್ಯಾಮೆರಾ ಹಿಂದಿನಿಂದ ಎಕೌ ಪಿಸುಗುಟ್ಟಿದ.

ಇಷ್ಟು ದಿನ ಅರಾಬಾ ಹೊಟ್ಟೆ ಉರಿದುಕೊಂಡದ್ದು ಈ ಹೆಂಗಸಿನ ಮೇಲೆಯೇ. ಈಗ ಹೂಂ ಎಂದುಬಿಟ್ಟರೆ ಇವಳೂ ವಾರವಾರ ಓಡುತ್ತಾಳೆ, ಮನೆಗೆ ಬಂದು ಅಳುತ್ತಾಳೆ, ತನಗೇ ಏನೋ ಕೊರತೆ ಎಂದುಕೊಳ್ಳುತ್ತಾಳೆ. ಅರಾಬಾ ಕ್ಯಾಮೆರಾಕ್ಕೆ ಬೆನ್ನು ತಿರುಗಿಸಿದಳು.

"ಇಲ್ಲ ಕಣೇ. ನಾನೇನೂ ಮರೆತಿಲ್ಲ. ಅವನು ಕಾಣ್ತಾನೇನೋ ಅಂತಲೇ ಈ ದಾರೀಲಿ ಓಡ್ತಿದ್ದೆ."

ಡೋಲು ನಿಂತುಹೋಯಿತು. ಎಫುವಾ ಆಂಟಿಯ ಬಾಯಿಂದ ಸೀಟಿ ಜಾರಿತು. "ಮುಗೀತು, ನನ್ನ ಸಿನಿಮಾ ಮುಳುಗ್ತು," ಎಂದು ಎಕೌ ಅಲ್ಲೇ ಕುಕ್ಕರಿಸಿದ.

ಅಡ್ವೊವಾ ಮಾತ್ರ ಅವಳ ಮುಖವನ್ನೇ ನೋಡುತ್ತಿದ್ದಳು. "ಹಾಗಾದ್ರೆ ಅಕ್ಕಾ, ಈ ಊರಲ್ಲಿ ಓಡೋಕೆ ಬೇರೆ ದಾರಿ ಇಲ್ವಾ?"

"ಗೊತ್ತಿಲ್ಲ ಕಣೇ, ನಾನು ಹುಡುಕೇ ಇಲ್ಲ. ಬಾ," ಎಂದು ಅರಾಬಾ ಬೋಗುಣಿಯನ್ನು ಎಕೌನ ಕೈಗೆ ತುರುಕಿ, ಅವಳ ಕೈ ಹಿಡಿದುಕೊಂಡು ಮೀನು ಬಂದರಿನ ಕಡೆಯ ಓಣಿಗೆ ತಿರುಗಿದಳು.