ಪೂರ್ತಿ ಒಂದು

ಜಿಲ್ಲಾ ಆರೋಗ್ಯ ಕಚೇರಿಯ ಗೋಡೆಗೆ ಹಚ್ಚಿದ ಪಟ್ಟಿಯಲ್ಲಿ ನನ್ನ ಆಸ್ಪತ್ರೆಯ ಹೆಸರೇ ಮೊದಲು.

ಎಷ್ಟು ನರ್ಸು, ಎಷ್ಟು ಮಂಚ ಕೊಟ್ಟರೆ ಎಷ್ಟು ಹೆರಿಗೆ ಆಗುತ್ತದೆಂದು ಹತ್ತೊಂಬತ್ತು ಆಸ್ಪತ್ರೆಗಳನ್ನು ಒಂದಕ್ಕೊಂದು ಹೋಲಿಸಿ ಅಂಕ ಹಾಕಿದ್ದರು. ಎಲ್ಲರಿಗಿಂತ ಸಮರ್ಥವಾಗಿದ್ದರೆ ಒಂದು. ಉಳಿದವರಿಗೆ ಸೊನ್ನೆ, ಚುಕ್ಕಿ, ಆಮೇಲೆ ಏನೋ ಚಿಲ್ಲರೆ. ನನಗೆ ಪೂರ್ತಿ ಒಂದು. ನಾನೊಬ್ಬಳೇ ನರ್ಸ್, ನಾಲ್ಕು ಮಂಚ, ವರ್ಷಕ್ಕೆ ಆರುನೂರ ಹನ್ನೆರಡು ಹೆರಿಗೆ.

ಅದರಲ್ಲಿ ಇನ್ನೂರೈವತ್ತು ನಾನು ಮಾಡಿಸಿದ್ದೇ ಅಲ್ಲ. ನಮ್ಮ ಕಡೆ ಮನೆಯಲ್ಲಿ ಹೆತ್ತರೆ ಊರ ಮುಖ್ಯಸ್ಥ ಒಂದು ಮೇಕೆ ದಂಡ ಹಾಕುತ್ತಾನೆ. ಮನೆಯಲ್ಲೋ ದಾರಿಯಲ್ಲೋ ಹೆತ್ತವಳು ಮರುದಿನ ಕೂಸನ್ನು ಸುತ್ತಿಕೊಂಡು ಬಂದು ನನ್ನ ಬಾಗಿಲಲ್ಲಿ ನಿಲ್ಲುತ್ತಾಳೆ. ಆಸ್ಪತ್ರೆಯಲ್ಲೇ ಆಯಿತೆಂದು ಪುಸ್ತಕದಲ್ಲಿ ಬರೆದರೆ ಮೇಕೆ ಉಳಿಯುತ್ತದೆ. ಒಂದು ಸಾಲು ಬರೆದರೆ ನನ್ನ ಗಂಟೇನು ಹೋಗುತ್ತದೆ ಎಂದುಕೊಂಡಿದ್ದೆ.

ಪಟ್ಟಿ ಮಾಡಿದ ಅಧಿಕಾರಿ ಕಚಿಂಗ್ವೆ ಕೆಟ್ಟವನಲ್ಲ. ಲೆಕ್ಕ ನಂಬುವ ಪಾಪದ ಮನುಷ್ಯ. ಸಭೆಯಲ್ಲಿ ನನ್ನನ್ನು ಎಲ್ಲರೆದುರು ಹೊಗಳಿ, ಬೆರಳನ್ನು ಪಟ್ಟಿಯ ಕೆಳಕ್ಕೆ, ಚಿಸೇಕೊ ಆಸ್ಪತ್ರೆಯ ಮೇಲೆ ಇಟ್ಟ. ಈ ಎಸ್ತೆಲೆ ಒಬ್ಬಳೇ ಇಷ್ಟು ನಿಭಾಯಿಸುವಾಗ ಅಲ್ಲಿ ಇಬ್ಬರು ಯಾಕೆ, ಸೋಮವಾರದಿಂದ ಒಬ್ಬಳನ್ನು ಬೇರೆಡೆ ಹಾಕುತ್ತೇನೆ ಎಂದ.

ಚಿಸೇಕೊದಲ್ಲಿ ಉಳಿಯುವವಳು ಫನೇಸಿ. ನನ್ನ ಪಕ್ಕದಲ್ಲೇ ಕೂತಿದ್ದಳು. ನನ್ನ ಸುಳ್ಳಿಗೆ ಅಲ್ಲಿಯ ಬಸುರಿಯರು ಬೆಲೆ ತೆರಬೇಕಿತ್ತು.

ಎದ್ದು ನಿಂತೆ. ಮುಂದಿನ ಸಾಲಿನಲ್ಲಿ ಮೂವರು ಊರ ಮುಖ್ಯಸ್ಥರು ಕೂತಿದ್ದರು. ನಿಜ ಹೇಳಿದರೆ ನನ್ನ ಕೆಲಸ ಹೋಗುತ್ತದೆ, ಇನ್ನೂರೈವತ್ತು ಮನೆಗಳ ಮೇಕೆಯೂ ಹೋಗುತ್ತದೆ.

"ಸರ್, ಆ ಲೆಕ್ಕ..." ಎಂದೆ.

ಫನೇಸಿ ನನ್ನ ಲಂಗ ಹಿಡಿದು ಜಗ್ಗಿದಳು.

"ಕೂತ್ಕೊಳ್ಳೇ ಅಕ್ಕ," ಎಂದು ಪಿಸುಗುಟ್ಟಿದಳು. "ನಮ್ಮ ಪುಸ್ತಕದಲ್ಲೂ ಇಂಥವು ಇವೆ. ನೀನು ಬಾಯಿ ಬಿಟ್ರೆ ಎಲ್ಲರ ಪುಸ್ತಕಾನೂ ತೆಗೀತಾರೆ."

ಏನು ವಿಷಯ ಎಂದು ಕಚಿಂಗ್ವೆ ಕೇಳಿದ. ಏನಿಲ್ಲ ಎಂದು ಕೂತೆ. ನಮ್ಮ ಕಣ್ಣೆದುರೇ ಅವನು ವರ್ಗಾವಣೆಯ ಕಾಗದಕ್ಕೆ ಸಹಿ ಹಾಕಿದ.

ಮಿನಿಬಸ್ಸಿಗೆ ಕಾಯುವಾಗ ಫನೇಸಿ, ಒಬ್ಬಳೇ ಇದ್ದು ಅಭ್ಯಾಸವಾದವಳನ್ನು ಕೇಳುವ ಹಾಗೆ ಕೇಳಿದಳು.

"ಒಂದೇ ಸಲ ಇಬ್ಬರಿಗೆ ರಕ್ತ ಹೋಗೋಕೆ ಶುರುವಾದ್ರೆ, ಯಾರ ಹತ್ರ ಓಡ್ತೀಯ ಅಕ್ಕ?"

"ಹತ್ತಿರದ ಮಂಚದವಳ ಹತ್ರ," ಎಂದೆ.

ಇನ್ನೊಬ್ಬಳ ಬಗ್ಗೆ ಅವಳು ಕೇಳಲಿಲ್ಲ.